ತಂಗಿಗೆ ಬಯೋಮೆಡಿಕಲ್ ಇಂಜಿನಿಯರಿಂಗ್ ಬೇಕಂತೆ. ಓದಿದರೆ ನಮ್ಮ ಕಡೆ ಕೆಲಸ ಇದೆಯಾ?

ಸಿಂಧನೂರು_ಸೋನಾಮಸೂರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ತಂಗಿ ಈ ವರ್ಷ ಪಿಯುಸಿ ಮುಗಿಸಿದಳು, ಪಿಸಿಎಂಬಿ. ನೀಟ್‌ನಲ್ಲಿ ಎಂಬಿಬಿಎಸ್ ಸಿಗುವಷ್ಟು ಅಂಕ ಬಂದಿಲ್ಲ. ಸಿಇಟಿ ರ‍್ಯಾಂಕ್ ಪರವಾಗಿಲ್ಲ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371 ಜೆ ಸರ್ಟಿಫಿಕೇಟ್ ಮಾಡಿಸಿ ಇಟ್ಟಿದ್ದೇವೆ. ಆಪ್ಷನ್ ಎಂಟ್ರಿ (ಕಾಲೇಜು, ಬ್ರಾಂಚ್ ಆರಿಸುವುದು) ಇನ್ನೇನು ಶುರುವಾಗುತ್ತದೆ.

ಅವಳು ಬಯೋಮೆಡಿಕಲ್ ಇಂಜಿನಿಯರಿಂಗ್ ಅಂತ ಹಠ ಹಿಡಿದಿದ್ದಾಳೆ. ಅಪ್ಪಾಜಿಗೆ ಅವಳು ರಾಯಚೂರು ಕೃಷಿ ವಿವಿಯಲ್ಲಿ ಬಿಎಸ್ಸಿ ಅಗ್ರಿ ಮಾಡಲಿ ಅಂತ ಆಸೆ. ಮನೆಗೆ ಹತ್ತಿರ, ಮುಂದೆ ಕೃಷಿ ಇಲಾಖೆ ಪರೀಕ್ಷೆ ಬರೆಯಬಹುದು. ಮಾವನಿಗೆ ಸಿಎಸ್ (ಕಂಪ್ಯೂಟರ್ ಸೈನ್ಸ್) ಬಿಟ್ಟು ಉಳಿದದ್ದೆಲ್ಲ ದಂಡ.

ನನ್ನ ಪ್ರಶ್ನೆ: ಇದನ್ನು ಓದಿದವರು ಏನು ಕೆಲಸ ಮಾಡುತ್ತಾರೆ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೆಲಸ ಇದೆಯಾ ಅಥವಾ ಬೆಂಗಳೂರೇ ಗತಿಯಾ? ಇಸಿ (ಎಲೆಕ್ಟ್ರಾನಿಕ್ಸ್) ತಗೊಂಡು ಆಮೇಲೆ ಈ ಕಡೆ ಬರಬಹುದು ಅಂತ ಒಬ್ಬರು ಹೇಳಿದರು, ನಿಜವೇ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮಂಡಕ್ಕಿ_ಮಿರ್ಚಿ
ಮಾವ ಹೇಳಿದ್ದು ಸರಿ. ಸಿಎಸ್. ಮುಂದಿನ ಪ್ರಶ್ನೆ ಕೇಳಿ.

ಕೋಟೆ_ಬುಡ
@ಮಂಡಕ್ಕಿ_ಮಿರ್ಚಿ ಸಿಎಸ್ ಮುಗಿಸಿದವರು ನಮ್ಮ ಓಣಿಯಲ್ಲಿ ಮನೆಗೊಬ್ಬರು ಇದ್ದಾರೆ. ಸಂಜೆ ಹೊತ್ತು ಎಲ್ಲರೂ ಒಂದೇ ಕಟ್ಟೆ ಮೇಲೆ ಸಿಗುತ್ತಾರೆ, ಬನ್ನಿ ಪರಿಚಯ ಮಾಡಿಸುತ್ತೇನೆ.

ಮಾನ್ವಿ_ಮಾಮ
ಬಯೋಮೆಡಿಕಲ್ ಅಂದರೆ ಆಸ್ಪತ್ರೆ ಕಸದ್ದು ಅಲ್ವಾ? ಹಳದಿ ಚೀಲ, ಕೆಂಪು ಚೀಲ. ಅದಕ್ಕೂ ನಾಲ್ಕು ವರ್ಷ ಓದಬೇಕಾ?

ವಾರ್ಡ್_ಸಿಸ್ಟರ್_ಕೊಪ್ಪಳ
ಮಾಮಾ, ಅದು ಬಯೋಮೆಡಿಕಲ್ ವೇಸ್ಟ್. ಇವರು ಕೇಳುತ್ತಿರುವುದು ವೆಂಟಿಲೇಟರ್, ಮಾನಿಟರ್, ಡಯಾಲಿಸಿಸ್ ಮಷಿನ್, ಇಸಿಜಿ ಇವನ್ನೆಲ್ಲ ತಯಾರು ಮಾಡುವ, ನೋಡಿಕೊಳ್ಳುವ ಇಂಜಿನಿಯರ್ ಬಗ್ಗೆ.

ನಾನು ಸ್ಟಾಫ್ ನರ್ಸ್. ನಮ್ಮ ಕಡೆ ಇಂಥವರು ಬೇಕಾ ಅಂತ ಕೇಳಿದರೆ ನಗು ಬರುತ್ತದೆ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಬೇಬಿ ವಾರ್ಮರ್ ಕೆಟ್ಟು ಮೂಲೆ ಸೇರಿತ್ತು. ಕೇಳಿದಾಗಲೆಲ್ಲ 'ಪಾರ್ಟ್ ಬರಬೇಕು' ಅನ್ನುವುದೊಂದೇ ಉತ್ತರ. ಕೊನೆಗೆ ಒಬ್ಬ ಹುಡುಗ ಬಂದು ಬಿಚ್ಚಿ ನೋಡಿದ. ಮಗುವಿನ ಮೈಗೆ ಅಂಟಿಸುವ ಸ್ಕಿನ್ ಪ್ರೋಬ್‌ನ ವೈರ್ ಒಳಗಡೆ ತುಂಡಾಗಿತ್ತು, ಅಷ್ಟೇ. ಪ್ರೋಬ್ ಬದಲಾಯಿಸಿದ, ವಾರ್ಮರ್ ಓಡಿತು. ಅಷ್ಟು ದಿನ ಒಂದೇ ವಾರ್ಮರ್ ಕೆಳಗೆ ಎರಡು ಕೂಸು ಮಲಗಿಸಿ ನಿಭಾಯಿಸಿದ್ದೆವು.

ಅರ್ಥಿಂಗ್_ಅಣ್ಣ
ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಬಯೋಮೆಡಿಕಲ್ ಇಂಜಿನಿಯರ್. ಆಸ್ಪತ್ರೆ ಹೆಸರು ಕೇಳಬೇಡಿ. ಕೆಲಸ ಏನು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಳಿಗ್ಗೆ ಮೊದಲು ರೌಂಡ್. ಐಸಿಯು, ಓಟಿ, ಎನ್‌ಐಸಿಯು (ಹಸುಗೂಸುಗಳ ಐಸಿಯು). ವೆಂಟಿಲೇಟರ್ ಸೆಲ್ಫ್ ಟೆಸ್ಟ್ ಪಾಸಾಯಿತಾ? ಅದರ ಆಕ್ಸಿಜನ್ ಸೆಲ್ ಸರಿ ತೋರಿಸುತ್ತಿದೆಯಾ? ಅದು ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ, ಕಾಲಕಾಲಕ್ಕೆ ಬದಲಿಸಲೇಬೇಕು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗಿ ಪೂರ್ತಿ ಶಕ್ತಿ ಬಿಡುತ್ತದಾ? ಬೈಫೇಸಿಕ್ (ಎರಡೂ ದಿಕ್ಕಿಗೆ ಕರೆಂಟ್ ಹರಿಸುವಂಥದ್ದು) ಆದರೆ ಹೆಚ್ಚಾಗಿ 200 ಜೌಲ್, ಹಳೇ ಮೋನೋಫೇಸಿಕ್ (ಒಂದೇ ದಿಕ್ಕಿಗೆ) ಆದರೆ 360. ರೋಗಿಯ ಎದೆ ಮೇಲೆ ಇಟ್ಟಾಗ ಬ್ಯಾಟರಿ ಸತ್ತಿದೆ ಅಂತ ಗೊತ್ತಾದರೆ ಏನು ಪ್ರಯೋಜನ?

ಆಮೇಲೆ ಕಂಪ್ಲೇಂಟುಗಳು. ಹೆಚ್ಚಿನ ಸಲ ಮಷಿನ್ ಕೆಟ್ಟಿರುವುದಿಲ್ಲ. ಬಿಪಿ ಕಫ್ ಲೀಕು, ಪ್ರೋಬ್ ಕಟ್ಟು, ಕೇಬಲ್ ಮೇಲೆ ಟ್ರಾಲಿ ಹತ್ತಿದ್ದು, ಬ್ಯಾಟರಿ ಮುಗಿದದ್ದು. ಉಳಿದ ಹೊತ್ತು ಕಾಗದ: ಯಾವ ಉಪಕರಣ ಯಾವ ವಾರ್ಡಿನಲ್ಲಿದೆ, ಸರ್ವಿಸ್ ಯಾವಾಗ, ಕ್ಯಾಲಿಬ್ರೇಷನ್ ಯಾವಾಗ, ನಿರ್ವಹಣೆ ಒಪ್ಪಂದದಲ್ಲಿ ಎಎಂಸಿ ಯಾವುದು, ಸಿಎಂಸಿ ಯಾವುದು. ಎಎಂಸಿಯಲ್ಲಿ ಪಾರ್ಟ್ ದುಡ್ಡು ನಮ್ಮದು, ಸಿಎಂಸಿಯಲ್ಲಿ ಕಂಪನಿಯವರದು. ಈ ವ್ಯತ್ಯಾಸ ಓದದೆ ಸಹಿ ಹಾಕಿದ ಡಾಕ್ಟರುಗಳು ಬೇಕಾದಷ್ಟು ಜನ. ಆಸ್ಪತ್ರೆಯ ಗುಣಮಟ್ಟ ನೋಡುವ ಎನ್‌ಎಬಿಎಚ್ ಆಡಿಟ್ ಬಂದರೆ ಆ ವಾರ ಮನೆ ಮರೆತುಬಿಡಿ.

ಇನ್ನು ನನ್ನ ಹೆಸರಿನ ಕಥೆ. ಇಸಿಜಿಯಲ್ಲಿ ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್. ಗೋಡೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದಿದ್ದರೆ ಆ 50 ಹರ್ಟ್ಸ್ ಬಂದು ಇಸಿಜಿ ಗೆರೆ ಮೇಲೆ ಕೂರುತ್ತದೆ. ತೆಳ್ಳಗಿರಬೇಕಾದ ಗೆರೆ ಬ್ರಷ್‌ನಲ್ಲಿ ಬಳಿದಂತೆ ಬರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಇದೇ ಗೋಳು. ಬಿಸಿಲಿಗೆ ನೆಲ ಒಣಗಿ ಬಿರುಕು ಬಿಡುತ್ತದೆ, ಅರ್ಥ್ ಪಿಟ್‌ನ ತೇವ ಹೋಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಕಂಪನಿಯವರು ಬಂದು ಬೋರ್ಡ್ ಬದಲಿಸಿ ಬಿಲ್ ಮಾಡಿ ಹೋದರೂ ಗೆರೆ ದಪ್ಪವೇ. ಆಮೇಲೆ ಪಿಟ್‌ಗೆ ನೀರು ಬಿಟ್ಟು, ಉಪ್ಪು ಇದ್ದಿಲು ಹೊಸದಾಗಿ ತುಂಬಿದ ಮೇಲೆ ಸರಿ ಹೋಯಿತು. ಸಂಬಳ ಮಾತ್ರ ಕೇಳಬೇಡಿ.

ಸಿಂಧನೂರು_ಸೋನಾಮಸೂರಿ
ಅಣ್ಣಾ, ಅದನ್ನೇ ಕೇಳಬೇಕಿತ್ತು.

ಅರ್ಥಿಂಗ್_ಅಣ್ಣ
ಸರಿ ಹಾಗಾದರೆ. ನಮ್ಮ ಊರುಗಳ ಖಾಸಗಿ ಆಸ್ಪತ್ರೆಯಲ್ಲಿ ಹೊಸಬರಿಗೆ ಹದಿನೈದು, ಇಪ್ಪತ್ತು ಸಾವಿರದ ಆಸುಪಾಸು ಕೊಡುವುದನ್ನು ನೋಡಿದ್ದೇನೆ. ಡಿಪ್ಲೊಮಾದವರಿಗೂ ಹೆಚ್ಚು ಕಡಿಮೆ ಅಷ್ಟೇ. ಅನುಭವ ಆದಮೇಲೆ ಏರುತ್ತದೆ, ಆದರೆ ನಿಧಾನ. ದೊಡ್ಡ ಊರಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಇದಕ್ಕಿಂತ ಚೆನ್ನಾಗಿದೆ. ಎರಡು ಮೂರು ವರ್ಷ ಕೆಲಸ ಕಲಿತು ಗಲ್ಫ್‌ಗೆ ಹೋದವರೂ ಇದ್ದಾರೆ.

ಹಟ್ಟಿ_ಹುಡುಗ
ಅಂದರೆ ಡಾಕ್ಟರ ಕೈಕೆಳಗೆ ಮೆಕ್ಯಾನಿಕ್. ಅದಕ್ಕೆ ಬಿಇ ಬೇರೆ.

ಮೈಸೂರಿಗೆ_ಹೋದ_ಮಗಳು
@ಹಟ್ಟಿ_ಹುಡುಗ ಸಿಟಿ ಸ್ಕ್ಯಾನ್ ಮಾಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರ್ ಅಲ್ಲ, ಇಎಂಐ ಕಂಪನಿಯ ಇಂಜಿನಿಯರ್. 1971ರಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. 1979ರಲ್ಲಿ ಅವರಿಗೆ ಮತ್ತು ಅಲನ್ ಕಾರ್ಮ್ಯಾಕ್‌ಗೆ ವೈದ್ಯಕೀಯ ನೊಬೆಲ್ ಬಂತು. ಕಾರ್ಮ್ಯಾಕ್ ಕೂಡ ಡಾಕ್ಟರ್ ಅಲ್ಲ, ಭೌತವಿಜ್ಞಾನಿ. ಮೆಕ್ಯಾನಿಕ್ ಅನ್ನಿ, ಬೇಜಾರಿಲ್ಲ.

ಹಟ್ಟಿ_ಹುಡುಗ
ಅಕ್ಕಾ, ಅವನು ಇಂಗ್ಲೆಂಡ್‌ನಲ್ಲಿದ್ದ. ಇವಳು ಸಿಂಧನೂರಿನಲ್ಲಿ ಇದ್ದಾಳೆ.

ಮೈಸೂರಿಗೆ_ಹೋದ_ಮಗಳು
ಸಿಂಧನೂರಿನಿಂದ ಮೈಸೂರಿಗೆ ಬಸ್ ಇದೆ ಅಲ್ವಾ? 2020ರಲ್ಲಿ ಕೋವಿಡ್ ಬಂದಾಗ ಮೈಸೂರಿನ ಸ್ಕ್ಯಾನ್‌ರೇ ಕಂಪನಿ ಜೊತೆ ಸೇರಿ ಬಿಇಎಲ್ 30,000 ವೆಂಟಿಲೇಟರ್ ಮಾಡುವ ಆರ್ಡರ್ ತೆಗೆದುಕೊಂಡಿತು, ಡಿಆರ್‌ಡಿಒ ನೆರವೂ ಇತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹೃದಯದ ಕವಾಟವನ್ನೇ ಮಾಡಿದರು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಉಪಕರಣಗಳಿಗೆ ಅಂತಲೇ ಎಎಂಟಿಜೆಡ್ ಎಂಬ ಪಾರ್ಕ್ ಇದೆ. ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್ ಎಲ್ಲರ ಆರ್ ಅಂಡ್ ಡಿ ಇದೆ. ಕಣ್ಣಿನ ರೆಟಿನಾ ಫೋಟೋ ತೆಗೆಯುವ 3ನೇತ್ರ ಕ್ಯಾಮೆರಾ ಮಾಡಿದ ಫೋರಸ್ ಕೂಡ ಬೆಂಗಳೂರಿನದೇ.

ಆಸ್ಪತ್ರೆಯ ಕೆಲಸ ಒಂದು ದಾರಿ. ಅದೊಂದನ್ನೇ ನೋಡಿ ಇಡೀ ಓದನ್ನು ಅಳೆಯಬೇಡಿ.

ಬಸ್ಸಲ್ಲೇ_ಬದುಕು
ಇನ್ನೊಂದು ದಾರಿ ನನ್ನದು. ಫೀಲ್ಡ್ ಸರ್ವಿಸ್. ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್. ರಾಯಚೂರು, ಲಿಂಗಸುಗೂರು, ಗಂಗಾವತಿ, ಸಿರುಗುಪ್ಪ, ಹೊಸಪೇಟೆ ಎಲ್ಲ ನನ್ನ ಏರಿಯಾ. ಸಂಬಳ ಆಸ್ಪತ್ರೆಗಿಂತ ಜಾಸ್ತಿ, ಟಿಎ ಡಿಎ ಬೇರೆ. ಊಟಕ್ಕೆ ಹೊತ್ತಿಲ್ಲ, ನಿದ್ದೆಗೆ ಹೊತ್ತಿಲ್ಲ. ರಾತ್ರಿ ಹತ್ತಕ್ಕೆ ಡಾಕ್ಟರ್ ಫೋನ್ ಬರುತ್ತದೆ, 'ನಾಳೆ ಬೆಳಿಗ್ಗೆ ಪೇಷಂಟ್ ಇದ್ದಾರೆ, ಏನಾದರೂ ಮಾಡಪ್ಪಾ' ಅಂತ.

ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಒಂದು ವಿಷಯ: ಕಾನೂನು. ಅಲ್ಟ್ರಾಸೌಂಡ್ ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ನೋಂದಣಿ ಇಲ್ಲದ ಸೆಂಟರ್‌ಗೆ ಮಷಿನ್ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಸುಮ್ನೆ ಡೆಮೊಗೆ ಅಂತ ಕಾರಿನಲ್ಲಿ ಹಾಕಿಕೊಂಡು ತಿರುಗಿದರೆ ಜೈಲು ಕಾಣಬೇಕಾಗುತ್ತದೆ. ಎಕ್ಸ್‌ರೇ ಅಂದರೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್, ಎದೆ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಸೋಲ್ಡರಿಂಗ್ ಬರದಿದ್ದರೂ ನಡೆಯುತ್ತದೆ, ಈಗ ಎಲ್ಲ ಬೋರ್ಡ್ ಬದಲಿಸುವುದೇ. ಕಾಗದ ಬರದಿದ್ದರೆ ನಡೆಯುವುದಿಲ್ಲ.

ಹುಡುಗಿಯರಿಗೆ ಈ ಕೆಲಸ ಕಷ್ಟ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಾರ್ಡ್_ಸಿಸ್ಟರ್_ಕೊಪ್ಪಳ
@ಬಸ್ಸಲ್ಲೇ_ಬದುಕು ನೈಟ್ ಡ್ಯೂಟಿ ಮಾಡುವ ನರ್ಸುಗಳೆಲ್ಲ ಗಂಡಸರಾ ಅಣ್ಣಾ?

ಬಸ್ಸಲ್ಲೇ_ಬದುಕು
ಅಕ್ಕಾರೇ, ನೀವು ಒಂದೇ ಬಿಲ್ಡಿಂಗ್‌ನಲ್ಲಿ ಇರುತ್ತೀರಿ. ನಾನು ಹೇಳಿದ್ದು ಮಸ್ಕಿ ಬಸ್‌ಸ್ಟ್ಯಾಂಡ್‌ನಲ್ಲಿ ರಾತ್ರಿ ಒಂದು ಗಂಟೆಗೆ ಟೂಲ್ ಬ್ಯಾಗ್ ಹಿಡಿದು ನಿಲ್ಲುವುದರ ಬಗ್ಗೆ.

ಮೈಸೂರಿಗೆ_ಹೋದ_ಮಗಳು
ಕಂಪನಿ ಗಾಡಿ ಕೊಟ್ಟರೆ ಗಂಡಸು ಹೆಂಗಸು ಇಬ್ಬರೂ ಬಸ್‌ಸ್ಟ್ಯಾಂಡ್‌ನಲ್ಲಿ ನಿಲ್ಲಬೇಕಿಲ್ಲ. ನಿಮ್ಮನ್ನು ರಾತ್ರಿ ಒಂದಕ್ಕೆ ಅಲ್ಲಿ ನಿಲ್ಲಿಸಿದ್ದು ಕಂಪನಿಯ ಜಿಪುಣತನ, ಕೆಲಸದ ಗುಣ ಅಲ್ಲ. ಅಪ್ಲಿಕೇಶನ್ ಸ್ಪೆಷಲಿಸ್ಟ್ ಅಂತ ಕೆಲಸ ಇದೆ. ಹೊಸ ಮಷಿನ್ ಬಂದಾಗ ಡಾಕ್ಟರುಗಳಿಗೆ, ಟೆಕ್ನಿಶಿಯನ್‌ಗಳಿಗೆ ಬಳಸುವುದು ಹೇಳಿಕೊಡಬೇಕು. ಓಡಾಟ ಅದರಲ್ಲೂ ಇದೆ. ನನ್ನ ಗೆಳತಿಯರು ಮಾಡುತ್ತಿದ್ದಾರೆ, ಚೆನ್ನಾಗಿಯೇ ಇದ್ದಾರೆ.

ಇಸಿ_ಮೇಷ್ಟ್ರು
ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂಲ ಪ್ರಶ್ನೆಗೆ ಬರೋಣ. ನನ್ನ ಸಲಹೆ: ಬಿಇಯಲ್ಲಿ ಇಸಿ ತೆಗೆದುಕೊಳ್ಳಿ.

ಬಳ್ಳಾರಿಯಲ್ಲೇ ಬಿಐಟಿಎಂ, ಆರ್‌ವೈಎಂಇಸಿ ಇವೆ, ಎರಡರಲ್ಲೂ ಇಸಿ ಇದೆ. ಮನೆಯವರಿಗೂ ಹತ್ತಿರ. ಸರ್ಕಾರಿ ಕಂಪನಿಗಳ ನೇಮಕಾತಿಯಲ್ಲಿ ಹೆಚ್ಚಾಗಿ ಇಸಿ, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಕೇಳುತ್ತಾರೆ. ಬಯೋಮೆಡಿಕಲ್ ಪದವಿ ಇದ್ದರೆ ಅಂಥ ಕಡೆ ಅರ್ಜಿಯನ್ನೇ ಹಾಕಲಾಗುವುದಿಲ್ಲ. ಆದರೆ ಇಸಿ ಮಾಡಿದವರು ವೈದ್ಯಕೀಯ ಉಪಕರಣಗಳ ಕಡೆ ಹೋಗಲು ಅಡ್ಡಿ ಇಲ್ಲ. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್‌ಗೆ ಪ್ರತ್ಯೇಕ ಪೇಪರ್ ಇದೆ. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆ, ಶ್ರೀ ಚಿತ್ರಾ ಮೂವರೂ ಸೇರಿ ಕ್ಲಿನಿಕಲ್ ಇಂಜಿನಿಯರಿಂಗ್ ಅಂತ ಎಂಟೆಕ್ ಮಾಡಿದ್ದಾರೆ, ಆಸ್ಪತ್ರೆಯೊಳಗೇ ತರಬೇತಿ. ಐಐಟಿ ಹೈದರಾಬಾದ್‌ನಲ್ಲೂ ಬಯೋಮೆಡಿಕಲ್ ವಿಭಾಗ ಇದೆ. ರಾಯಚೂರಿನಿಂದ ಬೆಂಗಳೂರಿಗಿಂತ ಅದೇ ಹತ್ತಿರ.

ಹದಿನೆಂಟನೇ ವಯಸ್ಸಿಗೆ ಕಿರಿದಾದ ಬಾಗಿಲು ಆರಿಸಬೇಡಿ ಅನ್ನುವುದಷ್ಟೇ ನನ್ನ ವಾದ.

ಕಾಗದ_ಪತ್ರ_ಮೇಡಂ
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ನಾನು ಹೊಸಪೇಟೆಯವಳು, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದಿದ್ದು ಬೆಂಗಳೂರಿನಲ್ಲಿ, ಈಗ ರೆಗ್ಯುಲೇಟರಿ ಅಫೇರ್ಸ್‌ನಲ್ಲಿ (ಉಪಕರಣಗಳಿಗೆ ಸರ್ಕಾರದ ಅನುಮತಿ ಪಡೆಯುವ ಕೆಲಸ) ಇದ್ದೇನೆ.

ಸರ್ಕಾರಿ ನೌಕರಿ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. ಆದರೆ ಇಸಿ ಓದಿ ನಮ್ಮಲ್ಲಿಗೆ ಬರುವವರಿಗೆ ಒಂದು ತೊಡಕು ಇದೆ. ಸರ್ಕ್ಯೂಟ್ ಗೊತ್ತು, ದೇಹ ಗೊತ್ತಿಲ್ಲ. ರೋಗಿಗೆ ತಾಗುವ ಭಾಗದಿಂದ ಎಷ್ಟು ಕರೆಂಟ್ ಸೋರಬಹುದು ಅಂತ ಐಇಸಿ 60601 ಎಂಬ ಸ್ಟ್ಯಾಂಡರ್ಡ್ ಹೇಳುತ್ತದೆ. ಎಲ್ಲ ಸರಿ ಇರುವ ಸ್ಥಿತಿಯಲ್ಲಿ ಸಾಮಾನ್ಯ ಉಪಕರಣಕ್ಕೆ 100 ಮೈಕ್ರೋಆಂಪಿಯರ್. ನೇರ ಹೃದಯಕ್ಕೆ ತಾಗುವಂಥದ್ದಕ್ಕೆ 10 ಮಾತ್ರ. ಏಕೆ ಹತ್ತು ಪಟ್ಟು ಕಡಿಮೆ? ಚರ್ಮದ ಅಡ್ಡಿ ಅಲ್ಲಿ ಇಲ್ಲ, ಅಷ್ಟು ಸಣ್ಣ ಕರೆಂಟಿಗೂ ಹೃದಯದ ಬಡಿತ ತಪ್ಪಬಹುದು. ಅನಾಟಮಿ, ಫಿಸಿಯಾಲಜಿ, ಬಯೋಮೆಟೀರಿಯಲ್ಸ್ ಓದಿದವರಿಗೆ ಇದು ಹೇಳಿಕೊಡಬೇಕಿಲ್ಲ.

ಇನ್ನು ಕೆಲಸದ ವಿಷಯ. ನಮ್ಮ ದೇಶದಲ್ಲಿ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ 2018ರ ಜನವರಿಯಿಂದ ಜಾರಿಗೆ ಬಂತು. ಮೊದಲು ಕೆಲವೇ ಉಪಕರಣಗಳಿಗೆ ನಿಯಂತ್ರಣ ಇತ್ತು. 2020ರ ಏಪ್ರಿಲ್‌ನಿಂದ ಎಲ್ಲವೂ ಅದರೊಳಗೆ ಬಂದವು. ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ, ಅಪಾಯ ಹೆಚ್ಚಿದಂತೆ ಅಕ್ಷರ ಮುಂದೆ ಹೋಗುತ್ತದೆ. ಎ (ಕೆಲವನ್ನು ಬಿಟ್ಟು) ಮತ್ತು ಬಿಗೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯ. ಪ್ರತಿ ಕಂಪನಿಗೂ ಈ ಫೈಲ್ ಮಾಡುವವರು ಬೇಕು. ಐಎಸ್‌ಒ 13485 ಕ್ವಾಲಿಟಿಗೆ, 14971 ರಿಸ್ಕ್‌ಗೆ, ಐಇಸಿ 62304 ಸಾಫ್ಟ್‌ವೇರ್‌ಗೆ. ಕೇಳಲು ಒಣ ಅನ್ನಿಸುತ್ತದೆ. ಆದರೆ ಎಸಿ ರೂಮ್, ಹಗಲು ಕೆಲಸ, ಸಂಬಳ ಚೆನ್ನ. ಬರೆಯುವ ಇಂಗ್ಲಿಷ್ ಗಟ್ಟಿ ಇರಬೇಕು. ನಮ್ಮ ಭಾಗದ ಮಕ್ಕಳು ಬಹಳ ಜನ ಅಲ್ಲೇ ಎಡವುತ್ತಾರೆ.

ಮಂಡಕ್ಕಿ_ಮಿರ್ಚಿ
ಸಾಫ್ಟ್‌ವೇರ್ ಅಂದ್ರಲ್ಲ, ಅದಕ್ಕೇ ಸಿಎಸ್ ಅಂದೆ.

ಕಾಗದ_ಪತ್ರ_ಮೇಡಂ
ನಮ್ಮ ತಂಡದಲ್ಲಿ ಸಿಎಸ್‌ನವರೂ ಇದ್ದಾರೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಂದರೆ ಏನು ಅಂತ ಅವರಿಗೆ ಹೇಳಿಕೊಡುವವರು ನಾವು.

ತುಂಗಭದ್ರಾ_ಎಡದಂಡೆ
ಬಯಾಲಜಿ ಇದ್ದವರಿಗೆ ಮಾತ್ರ ಈ ಬ್ರಾಂಚ್ ಕೊಡುತ್ತಾರೆ. ನನ್ನ ಮಗ ಪಿಸಿಎಂಸಿ, ಹಾಗಾಗಿ ನಾವು ಆ ಕಡೆ ನೋಡಲೇ ಇಲ್ಲ.

ಇಸಿ_ಮೇಷ್ಟ್ರು
ಇಲ್ಲ ಸರ್. ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೆಯದು ರಸಾಯನ, ಜೀವಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಇವುಗಳಲ್ಲಿ ಒಂದು. ಪಿಸಿಎಂಸಿಗೂ ಸಿಗುತ್ತದೆ. ಸೀಟು ಹಂಚುವ ಕೆಇಎ ಪಟ್ಟಿಯಲ್ಲಿ ಹುಡುಕುವಾಗ ಬಯೋಮೆಡಿಕಲ್ ಮತ್ತು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎರಡನ್ನೂ ನೋಡಿ. ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್‌ನಲ್ಲಿ ಇರುವುದು ಮೆಡಿಕಲ್ ಎಲೆಕ್ಟ್ರಾನಿಕ್ಸ್. ಮಣಿಪಾಲದಲ್ಲಿ ಬಯೋಮೆಡಿಕಲ್, ಆದರೆ ಅಲ್ಲಿಗೆ ಸಿಇಟಿ ಅಲ್ಲ, ಅವರದೇ ಪರೀಕ್ಷೆ, ಫೀಸೂ ಜೋರು. ಹೈದರಾಬಾದ್‌ನ ಉಸ್ಮಾನಿಯಾದಲ್ಲಿ ಬಹಳ ಹಿಂದಿನಿಂದ ಇದೆ.

ತುಂಗಭದ್ರಾ_ಎಡದಂಡೆ
ನಮಗೆ ಕೌನ್ಸೆಲಿಂಗ್ ಏಜೆಂಟ್ ಹಾಗೇ ಹೇಳಿದ್ದ.

ಕೋಟೆ_ಬುಡ
ಏಜೆಂಟ್ ಹೇಳಿದ್ದಕ್ಕೆ ಎಷ್ಟು ಕೊಟ್ಟಿರಿ ಅದನ್ನೂ ಹೇಳಿ ಸರ್, ಉಳಿದವರಿಗೆ ಉಪಯೋಗ ಆಗಲಿ.

ಗಬ್ಬೂರು_ಗೌಡ
371 ಜೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ 70% ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆಯ ಸರ್ಕಾರಿ ಕೋಟಾದಲ್ಲಿ 8% ನಮಗೆ. ಬೆಂಗಳೂರಿನ ಒಳ್ಳೆ ಕಾಲೇಜು ಬೇಕಂದರೆ ಈ 8% ಅನ್ನೇ ನಂಬಬೇಕು. ಈ ಬ್ರಾಂಚ್‌ನಲ್ಲಿ ಸೀಟು ಕಡಿಮೆ, ಅದರಲ್ಲಿ 8% ಅಂದರೆ ಬೆರಳೆಣಿಕೆ. ಹಾಗಂತ ಬಿಡಬೇಡಿ, ಕೇಳುವವರೂ ಕಡಿಮೆ.

ಸರ್ಟಿಫಿಕೇಟ್ ಎಸಿ (ಉಪವಿಭಾಗಾಧಿಕಾರಿ) ಆಫೀಸಿನದ್ದೇ ತಾನೇ? ಅದರ ಮೇಲಿನ ಆರ್‌ಡಿ ನಂಬರ್ ಸರಿಯಾಗಿ ನೋಡಿ.

ಹೋರಾಟ_ರಾಯಚೂರು
ರಾಯಚೂರಿಗೆ ಏಮ್ಸ್ ಬಂದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. 2022ರಲ್ಲಿ ಧರಣಿ ಕೂತದ್ದು, ಸಾವಿರ ದಿನ ದಾಟಿ ಮುಂದುವರಿಯಿತು. ಐಐಟಿ ಕೇಳಿದೆವು, 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ನಮಗೆ ಐಐಐಟಿ ಕೊಟ್ಟು ಸಮಾಧಾನ ಮಾಡಿದರು. ಏಮ್ಸ್ ಇದ್ದರೆ ಎಂಆರ್‌ಐ, ಕ್ಯಾಥ್‌ಲ್ಯಾಬ್, ಲಿನಾಕ್ (ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರ) ಎಲ್ಲ ಬರುತ್ತಿತ್ತು. ಇಂಥ ಮಕ್ಕಳಿಗೆ ಇಲ್ಲೇ ಕೆಲಸ.

ಕೋಟೆ_ಬುಡ
ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜು ಇದೆ, ರಾಯಚೂರಿನ ರಿಮ್ಸ್ 2007ರಿಂದ ಇದೆ, ಕೊಪ್ಪಳದ್ದೂ ಬಂತು. ಇರುವ ಮಷಿನ್ ನೋಡಿಕೊಳ್ಳಲಿಕ್ಕೇ ಜನ ಇಲ್ಲ. ಏಮ್ಸ್ ಬಂದರೆ ಮಾತ್ರ ಎಲ್ಲ ಸರಿ ಹೋಗುತ್ತದಾ?

ಹೋರಾಟ_ರಾಯಚೂರು
ಬಳ್ಳಾರಿಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ, ಗಣಿ ಇದೆ. ಹಸಿದವನ ಕಷ್ಟ ಉಂಡವನಿಗೆ ಗೊತ್ತಾಗಲ್ಲ.

ಕೋಟೆ_ಬುಡ
ಗಣಿಯ ಧೂಳೂ ನಮಗೇ ಇದೆ, ಅದನ್ನೂ ತಗೊಳ್ಳಿ.

ವೇದಿಕೆ_ನಿರ್ವಾಹಕ
ಏಮ್ಸ್ ಚರ್ಚೆಗೆ ಬೇರೆ ಎಳೆ ಇದೆ. ಇಬ್ಬರೂ ಅಲ್ಲಿಗೆ ದಯಮಾಡಿಸಿ.

ಸಿಂಧನೂರು_ಸೋನಾಮಸೂರಿ
ನಮಸ್ಕಾರ, ನಾನು ಇವನ ತಂಗಿ. ಅಣ್ಣನ ಫೋನ್‌ನಿಂದ ಬರೆಯುತ್ತಿದ್ದೇನೆ. ಎಲ್ಲ ಓದಿದೆ.

ಅಗ್ರಿ ನನಗೆ ಬೇಡ. ನಾಟಿ, ಕಳೆ, ರಾಶಿ ಎಲ್ಲ ಚಿಕ್ಕಂದಿನಿಂದ ನೋಡಿದ್ದೇನೆ, ಮತ್ತೆ ನಾಲ್ಕು ವರ್ಷ ಅದನ್ನೇ ಓದಲು ಮನಸ್ಸಿಲ್ಲ. ಬಸ್‌ಸ್ಟ್ಯಾಂಡ್ ಭಯ ಹುಟ್ಟಿಸಿದ ಅಣ್ಣನಿಗೆ: ಪಿಯುಸಿಗೆ ಎರಡು ವರ್ಷ ಬಸ್ಸಿನಲ್ಲೇ ಓಡಾಡಿದ್ದೇನೆ.

ನನಗೆ ತಿಳಿಯಬೇಕಾದ್ದು ಬೇರೆ. ಗಣಿತ ಎಷ್ಟು ಇರುತ್ತದೆ? ಕೋಡಿಂಗ್ ಬರಲೇಬೇಕಾ? ಕಾಲೇಜು ಸೇರುವ ಮುಂಚೆ ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ? ಮಾಡಿ ನೋಡಿದರೆ ನನಗೇ ಇಷ್ಟವಾ ಅಲ್ಲವಾ ಗೊತ್ತಾಗುತ್ತದೆ. ಇನ್ನೊಂದು, ಅರ್ಥಿಂಗ್ ಅಣ್ಣನವರು ಡಯಾಲಿಸಿಸ್ ಬಗ್ಗೆ ಬರೆಯಲಿಲ್ಲ. ಅದರಲ್ಲಿ ಇಂಜಿನಿಯರ್ ಕೆಲಸ ಏನು?

ವಾರ್ಡ್_ಸಿಸ್ಟರ್_ಕೊಪ್ಪಳ
ಶಭಾಷ್ ತಂಗಿ.

ಕಾಗದ_ಪತ್ರ_ಮೇಡಂ
ಗಣಿತ ಬೇಕಾದಷ್ಟಿದೆ. ಲ್ಯಾಪ್ಲಾಸ್, ಫೂರಿಯೇ, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಪ್ರಾಬಬಿಲಿಟಿ. ಬಯಾಲಜಿ ಇದೆ, ಗಣಿತ ಕಡಿಮೆ ಇರಬಹುದು ಅಂತ ಬಂದವರು ಮೂರನೇ ಸೆಮಿಸ್ಟರ್‌ನಲ್ಲಿ ಅಳುತ್ತಾರೆ. ಸಿಟಿ ಸ್ಕ್ಯಾನ್‌ನ ಚಿತ್ರ ಹುಟ್ಟುವುದೇ ಗಣಿತದಿಂದ. ಪೈಥಾನ್ ಬರಲೇಬೇಕು, ಸಿ ಬಂದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮಾಡಿ ನೋಡಲು: ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕುವ ಚಿಕ್ಕ ಬೋರ್ಡು), ಎಡಿ 8232 ಎಂಬ ಇಸಿಜಿ ಬೋರ್ಡು, ಮೂರು ಅಂಟಿಸುವ ಎಲೆಕ್ಟ್ರೋಡ್. ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ನಿಮ್ಮದೇ ಹೃದಯದ ಗೆರೆ ಪರದೆ ಮೇಲೆ ಬರುತ್ತದೆ. ಕೈ ಅಲ್ಲಾಡಿಸಿದರೆ ಗೆರೆ ಕೆಡುತ್ತದೆ, ಏಕೆ ಅಂತ ಹುಡುಕಿ. ಅಷ್ಟರಲ್ಲೇ ಅರ್ಧ ಸೆಮಿಸ್ಟರ್ ಪಾಠ ಇದೆ.

ಒಂದು ಎಚ್ಚರಿಕೆ. ಬ್ಯಾಟರಿ ಮೇಲೆ ಓಡಿಸಿ. ಲ್ಯಾಪ್‌ಟಾಪ್‌ಗೆ ಜೋಡಿಸಿದ್ದರೆ ಅದರ ಚಾರ್ಜರ್ ಕಿತ್ತಿಡಿ. ಎದೆಗೆ ವೈರ್ ಅಂಟಿಸಿಕೊಂಡು ಗೋಡೆಯ ಕರೆಂಟಿಗೆ ಸೇರಿಕೊಳ್ಳಬಾರದು.

ಹಟ್ಟಿ_ಹುಡುಗ
ಪಲ್ಸ್ ಆಕ್ಸಿಮೀಟರ್ ಮಾಡುವುದು ಇನ್ನೂ ಸುಲಭ. ನಾನು ಡಿಪ್ಲೊಮಾ ಪ್ರಾಜೆಕ್ಟ್‌ಗೆ ಮಾಡಿದ್ದೆ. ಕೆಂಪು ಬೆಳಕು 660 ನ್ಯಾನೋಮೀಟರ್, ಇನ್‌ಫ್ರಾರೆಡ್ 940. ಆಕ್ಸಿಜನ್ ತುಂಬಿದ ರಕ್ತ, ತುಂಬದ ರಕ್ತ ಇವೆರಡೂ ಆ ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ, ಆ ಅನುಪಾತದಿಂದ ಲೆಕ್ಕ. ಗೋರಂಟಿ, ನೇಲ್ ಪಾಲಿಶ್ ಹಚ್ಚಿದ ಬೆರಳಿಗೆ ಹಾಕಿದರೆ ತಪ್ಪು ತೋರಿಸಬಹುದು, ಅದನ್ನೂ ಪರೀಕ್ಷೆ ಮಾಡಿ.

ಮೈಸೂರಿಗೆ_ಹೋದ_ಮಗಳು
@ಹಟ್ಟಿ_ಹುಡುಗ ಮೆಕ್ಯಾನಿಕ್ ಅಂದವರು ನೀವೇ ಅಲ್ವಾ?

ಹಟ್ಟಿ_ಹುಡುಗ
ಮೆಕ್ಯಾನಿಕ್ ಕೆಟ್ಟ ಕೆಲಸ ಅಂತ ನಾನು ಹೇಳಲೇ ಇಲ್ಲ. ಅದಕ್ಕೆ ಬಿಇ ಬೇಕಾ ಅಂತ ಕೇಳಿದೆ. ಈಗಲೂ ಕೇಳುತ್ತೇನೆ. ಅರ್ಥಿಂಗ್ ಅಣ್ಣನೇ ಹೇಳಿದ್ದಾರೆ, ಡಿಪ್ಲೊಮಾಗೂ ಡಿಗ್ರಿಗೂ ಒಂದೇ ಸಂಬಳ ಅಂತ. ಡಿಪ್ಲೊಮಾ ಮಾಡಿ ಬೇಕಾದರೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು.

ಅರ್ಥಿಂಗ್_ಅಣ್ಣ
ಪಿಯುಸಿ ಮುಗಿಸಿದವಳಿಗೆ ಈಗ ಡಿಪ್ಲೊಮಾ ಹೇಳಿ ಏನು ಉಪಯೋಗ ತಮ್ಮಾ? ಆಸ್ಪತ್ರೆ ಕೆಲಸ ಒಂದೇ ಗುರಿ ಆದರೆ ನಿನ್ನ ಮಾತು ಸರಿ. ಮೈಸೂರು, ಬೆಂಗಳೂರಿನ ಡಿಸೈನ್ ಕೆಲಸಕ್ಕೆ ಡಿಗ್ರಿ ಬೇಕು.

ಡಯಾಲಿಸಿಸ್ ಕೇಳಿದೆಯಲ್ಲ ತಂಗಿ, ನಮ್ಮ ಮೂರು ಜಿಲ್ಲೆಯಲ್ಲಿ ಇಂಜಿನಿಯರ್‌ಗೆ ನಿಜವಾದ ಸವಾಲು ಅಲ್ಲೇ ಇದೆ. ಅದಕ್ಕೇ ಬಿಡುವಾಗಿ ಬರೆಯೋಣ ಅಂತ ಬಿಟ್ಟಿದ್ದೆ.

ಡಯಾಲಿಸಿಸ್ ಅಂದರೆ ರಕ್ತದ ಒಂದು ಪಕ್ಕ ನೀರು, ಮಧ್ಯೆ ತೆಳುವಾದ ಪೊರೆ. ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ಡಯಾಲಿಸೇಟ್ (ಆ ನೀರಿನ ದ್ರಾವಣ) ಹರಿಯುತ್ತದೆ. ನಾಲ್ಕು ಗಂಟೆಯ ಒಂದು ಸಲಕ್ಕೆ 120 ಲೀಟರ್. ನಾವು ಕುಡಿಯುವ ನೀರು ದಿನಕ್ಕೆ ಎರಡು ಮೂರು ಲೀಟರ್, ಅದೂ ಹೊಟ್ಟೆ ಮೂಲಕ ಸೋಸಿ ಹೋಗುತ್ತದೆ. ಇಲ್ಲಿ 120 ಲೀಟರ್ ನೇರ ರಕ್ತದ ಪಕ್ಕದಲ್ಲಿ. ಈಗ ನಮ್ಮ ಬೋರ್‌ವೆಲ್ ನೀರು ನೆನೆಸಿಕೋ. ಕುಷ್ಟಗಿ, ಯಲಬುರ್ಗಾ ಕಡೆ ಫ್ಲೋರೈಡ್ ಗೋಳು ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ತನಕ ಸರಿ, ಬೇರೆ ನೀರು ಇಲ್ಲದಿದ್ದರೆ 1.5 ತನಕ. ಡಯಾಲಿಸಿಸ್ ನೀರಿಗೆ 0.2 ಮಾತ್ರ. ಕ್ಲೋರಿನ್ ಉಳಿದರೆ ರಕ್ತಕಣ ಒಡೆಯುತ್ತವೆ. ಹಾಗಾಗಿ ಸ್ಯಾಂಡ್ ಫಿಲ್ಟರ್, ಕಾರ್ಬನ್, ಸಾಫ್ಟ್‌ನರ್, ಆಮೇಲೆ ಆರ್‌ಒ.

ಬೆಂಗಳೂರಿನಲ್ಲಿ ಕಾವೇರಿ ನೀರು ನೋಡಿ ಡಿಸೈನ್ ಮಾಡಿದ ಪ್ಲಾಂಟನ್ನು ತಂದು ಇಲ್ಲಿ ಕೂರಿಸಿದರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂತು ಅಂದರೆ ಇವತ್ತಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ನಾಳೆ ಇರುವುದಿಲ್ಲ. ಬೆಳಿಗ್ಗೆ ಮೊದಲ ರೋಗಿ ಮಲಗುವ ಮುಂಚೆ ಕ್ಲೋರಿನ್ ಟೆಸ್ಟ್, ಕಂಡಕ್ಟಿವಿಟಿ ನೋಡಲೇಬೇಕು. ಪ್ರಧಾನಮಂತ್ರಿ ಡಯಾಲಿಸಿಸ್ ಯೋಜನೆ 2016ರಲ್ಲಿ ಬಂದಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮಷಿನ್‌ಗಳು ಬಂದವು, ಬಹಳ ಒಳ್ಳೆಯದಾಯಿತು. ನೀರು ನೋಡುವ ಮನುಷ್ಯ ಮಾತ್ರ ಎಲ್ಲ ಕಡೆ ಬಂದಿಲ್ಲ.

ವಾರ್ಡ್_ಸಿಸ್ಟರ್_ಕೊಪ್ಪಳ
ಇದು ನೂರಕ್ಕೆ ನೂರು ನಿಜ. ರೋಗಿಗೆ ಚಳಿ ಬಂದು ನಡುಗಿದರೆ ಮೊದಲು ಸಿಸ್ಟರ್‌ಗೆ ಬೈಗುಳ. ನೀರಿನ ಕಡೆ ಯಾರೂ ನೋಡುವುದಿಲ್ಲ.

ಗಬ್ಬೂರು_ಗೌಡ
ಸರ್ಕಾರಿ ಆಸ್ಪತ್ರೆಗಳಿಗೆ ಒಂದು ಯೋಜನೆ ಇತ್ತಲ್ಲ, ಮಷಿನ್ ಕೆಟ್ಟರೆ ಟೋಲ್ ಫ್ರೀ ನಂಬರ್‌ಗೆ ಫೋನ್ ಮಾಡುವುದು?

ಬಸ್ಸಲ್ಲೇ_ಬದುಕು
ಹೌದು, ಬಿಎಂಎಂಪಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು, 2015ರಿಂದ. ಉಪಕರಣಗಳ ಪಟ್ಟಿ ಮಾಡಿ, ನಿರ್ವಹಣೆಯನ್ನು ಹೊರಗಿನ ಏಜೆನ್ಸಿಗೆ ಕೊಡುವುದು. ಜಿಲ್ಲಾ ಆಸ್ಪತ್ರೆಯಲ್ಲಿ 95%, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90%, ಪಿಎಚ್‌ಸಿಯಲ್ಲಿ 80% ಸಮಯ ಮಷಿನ್ ಓಡುವ ಸ್ಥಿತಿಯಲ್ಲಿ ಇರಬೇಕು ಅನ್ನುವುದು ನಿಯಮ. ಇಂಥ ಏಜೆನ್ಸಿಗಳಲ್ಲಿ ಹೊಸಬರಿಗೆ ಕೆಲಸ ಸಿಗುತ್ತದೆ. ಗುತ್ತಿಗೆ ಕೆಲಸ, ಆದರೆ ಎಲ್ಲ ತರದ ಮಷಿನ್ ಮೇಲೆ ಕೈ ಆಡುತ್ತದೆ.

ಮತ್ತೆ ತಂಗಿಯವರಿಗೆ: ಭಯ ಹುಟ್ಟಿಸಲಿಲ್ಲ, ಇದ್ದದ್ದು ಹೇಳಿದೆ. ನೀವು ಬಂದರೆ ಮಸ್ಕಿ ನಿಮಗೆ, ನಾನು ಹೊಸಪೇಟೆ ಇಟ್ಟುಕೊಳ್ಳುತ್ತೇನೆ.

ಇಸಿ_ಮೇಷ್ಟ್ರು
ಡಯಾಲಿಸಿಸ್ ನೀರು ನೋಡಲು ಇಸಿ ಸಾಲದು, ಅದು ಒಪ್ಪಿದೆ. ಆದರೂ ನನ್ನ ಮಾತು ಬದಲಿಲ್ಲ. ಗುತ್ತಿಗೆ ಕೆಲಸ, ಕಡಿಮೆ ಸಂಬಳ ಅಂತ ಇದೇ ಎಳೆಯಲ್ಲಿ ಎಷ್ಟು ಜನ ಬರೆದರು ನೋಡಿ. ನಮ್ಮ ಜಿಲ್ಲೆಗೆ ಇವರ ಅಗತ್ಯ ಇದೆ. ಅಗತ್ಯ ಇದ್ದ ಮಾತ್ರಕ್ಕೆ ಹುದ್ದೆ ಇರುವುದಿಲ್ಲ. ಮನೆಯಲ್ಲಿ ಸಾಲ ಇದ್ದರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎರ್ಲಾಂಗೆನ್_ಎಲೆಅಡಿಕೆ
ತಡವಾಗಿ ಬಂದೆ. ಗಂಗಾವತಿಯವನು, ಈಗ ಜರ್ಮನಿಯಲ್ಲಿ ಮೆಡಿಕಲ್ ಇಂಜಿನಿಯರಿಂಗ್ ಎಂಎಸ್ ಮಾಡುತ್ತಿದ್ದೇನೆ. ಇಲ್ಲಿನ ಹೆಚ್ಚಿನ ಸರ್ಕಾರಿ ವಿವಿಗಳಲ್ಲಿ ಟ್ಯೂಷನ್ ಫೀ ಇಲ್ಲ, ಇಲ್ಲಿ ಉಳಿಯುವ, ಊಟದ ಖರ್ಚು ನಮ್ಮದು. ಬಿಇಯಲ್ಲಿ ಓದಿದ ವಿಷಯ ಹೊಂದುತ್ತದಾ ಅಂತ ಕ್ರೆಡಿಟ್ ಲೆಕ್ಕ ಹಾಕುತ್ತಾರೆ. ನಾನು ಇಸಿ, ಸೀಟು ಸಿಕ್ಕಿತು. ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನವರೂ ನನ್ನ ಜೊತೆ ಇದ್ದಾರೆ. ಹಾಗಾಗಿ ಎರಡೂ ನಡೆಯುತ್ತದೆ. ಜರ್ಮನ್ ಭಾಷೆ ಕಲಿಯದೆ ಬಂದರೆ ಪಾರ್ಟ್‌ಟೈಮ್ ಕೆಲಸ ಸಿಗುವುದು ಕಷ್ಟ. ಇಲ್ಲಿ ಮಿರ್ಚಿ ಸಿಗುವುದಿಲ್ಲ, ಅದೂ ಗಮನದಲ್ಲಿರಲಿ.

ಸಿಂಧನೂರು_ಸೋನಾಮಸೂರಿ
ತಂಗಿಯೇ ಬರೆಯುತ್ತಿದ್ದೇನೆ. ಅಪ್ಪಾಜಿಗೆ ಡಯಾಲಿಸಿಸ್ ನೀರಿನ ವಿಷಯ ಓದಿ ಹೇಳಿದೆ. ಟಿಡಿಎಸ್, ಫ್ಲೋರೈಡ್ ಅಂದ ತಕ್ಷಣ ಅವರಿಗೆ ಅರ್ಥ ಆಯಿತು, ನಮ್ಮ ಬೋರ್ ನೀರಿನ ಕಥೆಯೂ ಅದೇ. ಸಾಲದ ವಿಷಯಕ್ಕೆ ಮೇಷ್ಟ್ರ ಮಾತು ಹಿಡಿದುಕೊಂಡಿದ್ದಾರೆ.

ಕೊನೆಗೆ ಹೀಗೆ ಅಂದುಕೊಂಡಿದ್ದೇವೆ: ಮೊದಲು ಬೆಂಗಳೂರಿನ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಲ್ಲವೂ. ಸರ್ಕಾರಿ ಕೋಟಾದಲ್ಲಿ ಸಿಕ್ಕರೆ ಮಾತ್ರ. ಅದು ಬಿಟ್ಟರೆ ಬಳ್ಳಾರಿಯ ಇಸಿ. ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಕೊಡುವುದಿಲ್ಲ. ಅಗ್ರಿ ಆಪ್ಷನ್ ಹಾಕುವುದೇ ಇಲ್ಲ, ಇದನ್ನು ಅಪ್ಪಾಜಿಗೆ ಇನ್ನೂ ಹೇಳಿಲ್ಲ.

ಗಬ್ಬೂರು_ಗೌಡ
ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬರುವ ತನಕ ಎಲ್ಲವನ್ನೂ ಹಾಕಿಡಮ್ಮ, ಅಗ್ರಿಯನ್ನೂ. ಅಣಕು ಫಲಿತಾಂಶ ನೋಡಿ ಕ್ರಮ ಬದಲಿಸಬಹುದು, ಬೇಡದ್ದನ್ನು ತೆಗೆಯಬಹುದು. ಕೊನೆಯ ದಿನದ ತನಕ ಕಾಯಬೇಡಿ, ಸರ್ವರ್ ನಿಲ್ಲುತ್ತದೆ. ಬಿಎಂಎಸ್‌ನ ಹಿಂದಿನ ವರ್ಷದ ಹೈ-ಕ (ಹೈದರಾಬಾದ್ ಕರ್ನಾಟಕ, ಅಂದರೆ 371 ಜೆ) ಕಟಾಫ್ ಕೆಇಎ ಸೈಟಿನಲ್ಲೇ ಇದೆ, ನಿಮ್ಮ ರ‍್ಯಾಂಕ್ ಜೊತೆ ಇಟ್ಟು ನೋಡಿ.

ಅರ್ಥಿಂಗ್_ಅಣ್ಣ
ಬಳ್ಳಾರಿಗೆ ಕಾಲೇಜು ನೋಡಲು ಬಂದರೆ ನನಗೆ ಮೆಸೇಜ್ ಹಾಕಿ. ನಮ್ಮ ಆರ್‌ಒ ರೂಮು ತೋರಿಸುತ್ತೇನೆ, ಮೇಲಿನವರಿಗೆ ಹೇಳಿ ಅನುಮತಿ ತಗೊಳ್ಳಬೇಕು, ಆಗುತ್ತದೆ. ಅಪ್ಪಾಜಿಯವರನ್ನೂ ಕರೆತನ್ನಿ. ಸೋಮವಾರ ಮಾತ್ರ ಬೇಡ, ಅವತ್ತು ಮೂರೂ ಶಿಫ್ಟ್ ಡಯಾಲಿಸಿಸ್, ಮಾತಾಡಲು ಪುರುಸೊತ್ತು ಇರಲ್ಲ.